ಹನ್ನೆರಡನೆಯ ಗೆರೆ

ನನ್ನ ತಮ್ಮ ತೀರಿಕೊಂಡ ಮೂರನೆಯ ವಾರ, ಅವನ ಎರಡು ಕಾಗದದ ಸುರುಳಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ಇಂಡಿಯಲ್ಲಿ ಸಿಂದಗಿಯ ಬಸ್ಸು ಹತ್ತಿದೆ. ಶಾಲೆಗೆ ಮೂರು ದಿನದ ರಜೆ ಬರೆದುಕೊಟ್ಟಿದ್ದೆ. ಸಿಂದಗಿಯಲ್ಲಿ ತಮ್ಮನ ಜೊತೆ ಓದಿದವರೊಬ್ಬರು ಹೈಸ್ಕೂಲಿಗೆ ಗಣಿತದ ಮಾಸ್ತರರಾಗಿದ್ದರು. ಅವರಿಂದ ಒಂದು ಇಂಗ್ಲಿಷ್ ಪತ್ರ ಬರೆಸಿ, ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋಗಿ, ತವರಿನಲ್ಲಿದ್ದ ತಮ್ಮನ ಹೆಂಡತಿಯ ಸಹಿ ಹಾಕಿಸಿ, ಪತ್ರವನ್ನೂ ಸುರುಳಿಗಳನ್ನೂ ತಮ್ಮನ ಸಾಹೇಬರಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ತರಬೇತಿ ಮುಗಿಸಿ, ಸಣ್ಣ ಮಕ್ಕಳಿಗೆ ಕಲಿಸುವವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಪತ್ರ ಬರೆಯಲಾರೆ.

ಆ ಪತ್ರದಲ್ಲಿ ತಿಳಿಸಬೇಕಾಗಿದ್ದದ್ದು ಒಂದೇ ಅಂಕಿ, ಹನ್ನೆರಡು. ಅದು ಮುಟ್ಟಿದರೆ, ಅಚ್ಚಾಗಲಿರುವ ಲೇಖನದಲ್ಲಿ ತಮ್ಮನ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕುವುದಾಗಿ ಸಾಹೇಬರು ಬರೆದಿದ್ದರು. ಅವರ ಕಾಗದ ನಮಗೆ ಬಂದದ್ದು ತಮ್ಮನ ಹನ್ನೊಂದನೆಯ ದಿನದ ಮರುದಿನ.

ತಮ್ಮ ದೂರದ ದಕ್ಷಿಣದ ಬೆಟ್ಟಗಳಲ್ಲಿ ಕೆಲಸಕ್ಕಿದ್ದ. ಅಲ್ಲಿ ಇಳಿಜಾರಿನ ಮೇಲೆ ಕಬ್ಬಿಣದ ಚೌಕಟ್ಟುಗಳ ಸಾಲು, ಅವುಗಳಿಗೆ ಬಿಗಿದ ತಂತಿ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಆ ತಂತಿಗಳು ಹಿಡಿಯುತ್ತವೆ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಓಣಿಯವರು ಅವನು ರೇಡಿಯೋ ರಿಪೇರಿ ಮಾಡುತ್ತಾನೆಂದೇ ನಂಬಿದ್ದರು. ರಜೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೆಟ್ಟ ಟ್ರಾನ್ಸಿಸ್ಟರು ಹಿಡಿದುಕೊಂಡು ಬರುತ್ತಿದ್ದರು. ಅವನು ಬೇಸರಪಡದೆ ಬಿಚ್ಚಿ ನೋಡಿ ಸರಿಮಾಡಿ ಕೊಡುತ್ತಿದ್ದ.

ಒಮ್ಮೆ ಬೆಳಗಿನ ಹೊತ್ತು ಎಮ್ಮೆ ಹಿಂಡುತ್ತ ಕೂತಿದ್ದೆ. ಅವನು ಚಹಾದ ಬಟ್ಟಲು ಹಿಡಿದು ಗೋಡೆಗೆ ಒರಗಿ ನಿಂತಿದ್ದ. "ಅಷ್ಟು ದೂರ ಕೂತು ಏನ್ ಕೇಳ್ತಿಯೋ ನೀನು?" ಎಂದು ಕೇಳಿದೆ.

"ನೀ ಈಗ ಹಿಂಡಾಕತ್ತಿಯಲ್ಲ, ಧಾರಿ ಹೆಂಗ ಹೊಡಿತೈತಿ ನೋಡು," ಎಂದ. "ಒಂದು ಗ್ಯಾಲಕ್ಸಿ ಅಂದ್ರ ಆಕಾಶದಾಗಿನ ಚಿಕ್ಕಿ ಕೋಟಿಗಟ್ಟಲೆ ಕೂಡಿದ್ದು. ಅದರ ನಟ್ಟನಡುವ ಎದಿಯೊಳಗಿನಂಥ ಒಂದು ಗುಂಡಗಿ ಇರತೈತಿ. ಕೆಲವು ಗ್ಯಾಲಕ್ಸಿಯೊಳಗ ಆ ಗುಂಡಗಿ ಸುಮ್ನ ಕೂಡೂದಿಲ್ಲ. ಈ ಕಡೆ ಒಂದು, ಆ ಕಡೆ ಒಂದು ಧಾರಿ ಚಿಮ್ಮತೈತಿ. ಆ ಧಾರಿ ಹೋಗಿ ಮುಟ್ಟಿದಲ್ಲಿ ಎರಡು ದೊಡ್ಡ ಮೋಡ. ಮೋಡ ನಮಗ ಚಲೋ ಕೇಳಸ್ತಾವು. ಧಾರಿ ಸಿಗೂದಿಲ್ಲ. ಅದು ಭಾಳ ಸಣ್ಣಗ ಮಾತಾಡತೈತಿ."

"ಸಿಗಲಿಲ್ಲಂದ್ರ ಅದು ಐತಿ ಅಂತ ಹೆಂಗ ಹೇಳ್ತಿ?"

"ಚರಿಗಿಯೊಳಗ ಹಾಲು ಐತಲ್ಲ. ಎಲ್ಲಿಂದ ಬಂತು?"

ಚಂದ್ರನ ಉಪಯೋಗವನ್ನೂ ಆವತ್ತೇ ಹೇಳಿದ. ಒಂದೊಂದು ಸಲ ಚಂದ್ರ ಅಂಥ ಗ್ಯಾಲಕ್ಸಿಗೆ ಅಡ್ಡ ಬರುತ್ತಾನಂತೆ. ಅಡ್ಡ ಬಂದಾಗ ಎಲ್ಲವನ್ನೂ ಒಮ್ಮೆಗೇ ಮುಚ್ಚುವುದಿಲ್ಲ. ಸಾಲು ದೀಪದ ಮುಂದೆ ಪರದೆ ಎಳೆದ ಹಾಗೆ ಒಂದೊಂದಾಗಿ ಮುಚ್ಚುತ್ತಾನೆ. ಚೌಕದ ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುವ ಪೆನ್ನು ಆಗ ಕೆಳಗಿಳಿಯುತ್ತದೆ. ಒಂದು ಮೋಡ ಮುಚ್ಚಿದರೆ ಒಂದು ದೊಡ್ಡ ಇಳಿತ, ಇನ್ನೊಂದು ಮುಚ್ಚಿದರೆ ಇನ್ನೊಂದು. ಎರಡರ ನಡುವೆ ಎಷ್ಟು ಚೌಕ ಎಂದು ಎಣಿಸಿದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತದೆ. ಇದಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ. ಹಗಲು ಚಂದ್ರನಿದ್ದರೂ ಸಾಕು.

ಅವನಿಗೆ ಮೂತ್ರಪಿಂಡದ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಮುಖ ಬಾತಿತ್ತು. ವಿಜಾಪುರದ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಉಪ್ಪು ಕೊಡಬೇಡಿ ಎಂದರು. ಬೇರೆ ಏನನ್ನೂ ಹೇಳಲಿಲ್ಲ. ಹೆಂಡತಿ ಅವನನ್ನು ಇಂಡಿಗೆ ಕರೆತಂದಳು. ಟ್ರಂಕಿನಲ್ಲಿ ಬಟ್ಟೆಯ ಮೇಲೆ ಈ ಎರಡು ಸುರುಳಿಗಳಿದ್ದವು. ಸಾಹೇಬರ ಪರವಾನಗಿ ತೆಗೆದುಕೊಂಡೇ ತಂದಿದ್ದ.

ಎರಡೂ ಸುರುಳಿ ಒಂದೇ ಗ್ಯಾಲಕ್ಸಿಯವು. ಎರಡು ಬೇರೆ ಬೇರೆ ತಿಂಗಳಲ್ಲಿ ಚಂದ್ರ ಅದಕ್ಕೆ ಅಡ್ಡ ಬಂದಾಗ ಬರೆದುಕೊಂಡವು. ಮೊದಲನೆಯ ಸುರುಳಿಯಲ್ಲಿ, ದೊಡ್ಡ ಇಳಿತಗಳ ನಡುವೆ, ಪೆನ್ನಿನ ನಡುಕದಲ್ಲಿ ಅಡಗಿದಂಥ ಒಂದು ಚಿಕ್ಕ ಇಳಿತ ಅವನ ಕಣ್ಣಿಗೆ ಬಿದ್ದಿತ್ತು. ಅದು ಧಾರೆ ಇರಬಹುದು. ದಾರಿಯಲ್ಲಿ ಹೋದ ಯಾವುದೋ ಮೋಟಾರಿನ ಕಿಡಿ ತಂತಿಗೆ ಸಿಕ್ಕು ಪೆನ್ನು ಅಲುಗಿದ್ದೂ ಇರಬಹುದು. ಪರೀಕ್ಷೆ ಒಂದೇ: ಅದು ನಿಜವಾದ ಧಾರೆಯಾಗಿದ್ದರೆ ಎರಡನೆಯ ಸುರುಳಿಯಲ್ಲೂ ಇರಬೇಕು, ಲೆಕ್ಕಕ್ಕೆ ಸರಿಯಾದ ಜಾಗದಲ್ಲೇ ಇರಬೇಕು. ಒಂದು ಚೌಕದ ಫರಕು ಬಂದರೂ ಅದು ಧಾರೆಯಲ್ಲ.

ಎರಡನೆಯದರ ದೊಡ್ಡ ಇಳಿತಗಳನ್ನು ಬೆಟ್ಟದ ಮೇಲೆ ಇರುವಾಗಲೇ ಅಳೆದಿದ್ದ. ಇಂಡಿಗೆ ಬಂದ ಮೊದಲ ವಾರ, ಕಿಟಕಿಯ ಬೆಳಕಿಗೆ ಕೂತು, ಚಿಕ್ಕ ಇಳಿತ ಇರುವಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಮೊದಲ ದೊಡ್ಡ ಇಳಿತದಿಂದ ಆ ಗುರುತಿಗೆ ಎಷ್ಟು ಚೌಕ ಎಂದು ಎಣಿಸುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಕಣ್ಣು ಮಂಜಾದವು, ಕೈ ನಡುಗತೊಡಗಿತು.

ಒಂದು ಮಧ್ಯಾಹ್ನ ನನ್ನನ್ನು ಕರೆದ. "ಅಕ್ಕಾ, ನಿನ್ನ ಸೂಜಿ ತಗೊಂಬಾ. ಕೌದಿ ಹೊಲಿಯೋಕಿ ಕಣ್ಣು ನಿಂದು. ಎಣಿಸಿ ಕೊಡು."

"ಎಷ್ಟು ಬರಬೇಕೋ?"

"ಅದನ್ನ ಹೇಳೂದಿಲ್ಲ. ಹೇಳಿದ್ರ ನಿನ್ನ ಸೂಜಿ ಅಲ್ಲೇ ಹೋಗಿ ನಿಂದರತೈತಿ."

ಮೊದಲನೆಯ ಸುರುಳಿಯಿಂದ ಲೆಕ್ಕ ಹಾಕಿ, ಬರಬೇಕಾದ ಅಂಕಿಯನ್ನು ಒಂದು ಚೀಟಿಯಲ್ಲಿ ಮೊದಲೇ ಬರೆದು, ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ಅವನ ಹೆಂಡತಿ ಪಾಟಿ ಹಿಡಿದು ಬರೆಯಲು ಕೂತಳು. ಅವನು ಕಣ್ಣು ಮುಚ್ಚಿ ಕೇಳುತ್ತ ಮಲಗಿದ. ನಾನು ನೆಲದ ಮೇಲೆ ಕಾಗದ ಹಾಸಿ, ಅಂಚಿಗೆ ಎರಡು ಬೀಸುವ ಕಲ್ಲಿನ ಚೂರು ಇಟ್ಟು, ದೊಡ್ಡ ಇಳಿತದ ಗೆರೆಗೆ ಸೂಜಿಯ ಮೊನೆ ಹಚ್ಚಿದೆ. ನಮ್ಮ ಮನೆಯಲ್ಲಿ ಯಾವುದನ್ನು ಎಣಿಸಿದರೂ ಎಣಿಸುವ ಹಾಗೆಯೇ ಎಣಿಸಿದೆ. ರಾಶಿಯ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಶಾಲೆಯಲ್ಲಿ ದಿನವೂ ಮಕ್ಕಳಿಗೆ ಒಂದರಿಂದ ಹೇಳಿಸುವ ನಾನು, ಮನೆಯ ನೆಲದ ಮೇಲೆ ಕೂತರೆ ಲಾಭದಿಂದಲೇ ಶುರು ಮಾಡುತ್ತಿದ್ದೆ.

"ಲಾಭ. ಎರಡು. ಮೂರು. ನಾಕು."

ಪೆನ್ಸಿಲ್ ಗುರುತಿಗೆ ಬಂದಾಗ ಹನ್ನೆರಡು. "ಮತ್ತೊಮ್ಮೆ," ಎಂದ ತಮ್ಮ. ಮತ್ತೆ ಹನ್ನೆರಡು. ಮೂರನೆಯ ಸಲವೂ ಹನ್ನೆರಡು. ಅವನು ದಿಂಬಿನ ಕೆಳಗೆ ಕೈ ಹಾಕಿ ಚೀಟಿ ತೆಗೆದು ಹೆಂಡತಿಗೆ ಕೊಟ್ಟ. ಅವಳು ಬಿಚ್ಚಿ ಓದಿದಳು. ಹನ್ನೆರಡು.

ತಮ್ಮ "ಹಸಿವ್ಯಾಗೇತಿ," ಎಂದ. ಎಷ್ಟೋ ದಿನದ ಮೇಲೆ ಅರ್ಧ ರೊಟ್ಟಿ ತಿಂದ. ಸಂಜೆ ತಾನು ಇಂಗ್ಲಿಷಿನಲ್ಲಿ ಹೇಳುತ್ತ ಹೆಂಡತಿಯಿಂದ ಸಾಹೇಬರಿಗೆ ಒಂದು ಕಾರ್ಡು ಬರೆಸಿದ, ಲೆಕ್ಕ ಕೂಡಿ ಬಂದಿದೆ ಎಂದು. ಅದಾದ ಎಂಟನೆಯ ದಿನ ಹೋದ.

ಸಿಂದಗಿಯಲ್ಲಿ ಮಾಸ್ತರರ ಮನೆ ಬಸ್ ನಿಲ್ದಾಣದ ಹಿಂದೆಯೇ. ನನ್ನನ್ನು ನೋಡಿ ಅವರು ಒಳಗೆ ಕರೆದರು. ಆಮೇಲೆ ಚಾಪೆ ಹಾಸಿ, ನೀರು ಕೊಟ್ಟು, ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, "ಅಕ್ಕಾರ, ನಿಮ್ಮ ತಮ್ಮ ಸಾಲ್ಯಾಗ ನನ್ನ ಪಾಟಿ ನೋಡಿ ಲೆಕ್ಕ ಮಾಡ್ತಿದ್ದ ಅಂತ ಎಂದಾರ ಹೇಳಿದ್ನೇನ್ರಿ?" ಎಂದರು.

"ನೀನ ಅವನ ಪಾಟಿ ನೋಡ್ತಿದ್ದಿ ಅಂತ ಹೇಳಿದ್ದ."

"ಅದೂ ಖರೇನ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಸುರುಳಿ ಬಿಚ್ಚಿದೆ. ಪತ್ರ ಬರೆಯುವ ಮೊದಲು ತಾವೂ ಒಮ್ಮೆ ನೋಡುತ್ತೇನೆಂದು ಅವರು ಮರದ ಪಟ್ಟಿ ತಂದರು. ಚೌಕದ ಅಗಲ ಎರಡು ಮಿಲಿಮೀಟರು. ಪಟ್ಟಿಯ ಸೊನ್ನೆಯನ್ನು ದೊಡ್ಡ ಇಳಿತದ ಗೆರೆಗೆ ಹೊಂದಿಸಿ ಬಗ್ಗಿ ನೋಡಿದರು. ಎತ್ತಿ, ಮತ್ತೆ ಇಟ್ಟು ನೋಡಿದರು.

"ಇಪ್ಪತ್ತೆರಡು ತೋರಸ್ತೈತ್ರಿ. ಹನ್ನೊಂದು ಚೌಕ ಆತು."

"ಹನ್ನೆರಡು. ಮೂರು ಸಲ ಎಣಿಸೇನಿ ನಾನು."

"ಹೆಂಗ ಎಣಿಸಿದ್ರಿ, ತೋರಸ್ರಿ."

ನಾನು ಸೂಜಿ ತೆಗೆದೆ. ಇಳಿತದ ಗೆರೆಗೆ ಮೊನೆ ಹಚ್ಚಿ "ಲಾಭ" ಎಂದೆ. ಅವರು ಪಟ್ಟಿಯನ್ನು ಮೆಲ್ಲಗೆ ನೆಲದ ಮೇಲಿಟ್ಟರು.

"ಅಕ್ಕಾರ, ನೀವು ಇನ್ನೂ ನಡದ ಇಲ್ಲಲ್ಲ. ನಿಂತ ಜಾಗಾಕ್ಕ ಲಾಭ ಅಂದ್ರಿ."

ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಜೋಳ ಅಳೆಯುವಾಗ ಸೇರು ತುಂಬಿ ಸುರಿದ ಮೇಲೆಯೇ ಲಾಭ ಎನ್ನುತ್ತೇವೆ, ಅದು ಒಂದು ಸೇರೇ. ಇಲ್ಲಿ ಮಾತ್ರ ನಾನು ಏನನ್ನೂ ಸುರಿಯುವ ಮೊದಲೇ, ಹೊರಡುವ ಗೆರೆಯ ಮೇಲೆಯೇ ಲಾಭ ಎಂದಿದ್ದೆ. ಅಲ್ಲಿಂದ ಪ್ರತಿಯೊಂದೂ ಒಂದು ಹೆಚ್ಚಾಗಿತ್ತು. ತಮ್ಮನಿಗೆ ನನ್ನ ದನಿ ಕೇಳುತ್ತಿತ್ತು, ಸೂಜಿ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದೇ ಎಣಿಕೆ ಕೇಳಿದ ಕಿವಿಗೆ ಅದರಲ್ಲಿ ತಪ್ಪೇನೂ ಕೇಳಿಸಿರಲಾರದು. ಬೇರೆ ಊರಿನವರು ಯಾರಾದರೂ ಆ ಕೋಣೆಯಲ್ಲಿದ್ದಿದ್ದರೆ, ಇದೇನು ಲಾಭ ಎಂದಾದರೂ ಕೇಳುತ್ತಿದ್ದರು.

ಮಾಸ್ತರರು ಒಳಗೆ ಹೋಗಿ ಚಹಾ ತಂದರು. ತಾವೇ ಮಾಡಿದ್ದು, ಸಕ್ಕರೆ ಬಹಳ ಹಾಕಿದ್ದರು.

"ಹನ್ನೆರಡ ಬರದ ಬಿಡ್ತೇನ್ರಿ," ಎಂದರು.

"ಅದು ಹನ್ನೊಂದು ಐತಲ್ಲ."

"ಪಟ್ಟಿ ಹಳೇದೈತಿ, ತುದಿ ಸವದೈತಿ. ನಾ ಏನೂ ನೋಡಿಲ್ಲ. ಇಂಥಾ ಸುರುಳಿ ಅಲ್ಲಿ ನೂರಾರು ಬಿದ್ದಾವಂತ ಅವನ ಹೇಳತಿದ್ದ. ಯಾರು ಮತ್ತ ಅಳ್ಯಾಕ ಕುಂದರತಾರ? ಅಕ್ಕಾರ, ನಮ್ಮ ಕಡಿ ಹುಡುಗನ ಹೆಸರು ಅಂಥಾದ್ರಾಗ ಯಾವತ್ತು ಬಂದೈತಿ? ಒಂದು ಚೌಕ. ಸತ್ತವಂಗ ಅಷ್ಟೂ ಬಿಡಬಾರದೇನ್ರಿ?"

ಅವರು ಹೇಳಿದ್ದನ್ನೇ ನಾನೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಕೊನೆಗೆ ಅವರು ಪತ್ರ ಬರೆದರು. ಅಂಕಿಯ ಜಾಗವನ್ನು ಖಾಲಿ ಬಿಟ್ಟರು.

"ನೀವು ತುಂಬಿ ಕಳಸ್ರಿ. ಏನು ತುಂಬಿದ್ರಿ ಅಂತ ನಾ ಕೇಳೂದಿಲ್ಲ."

ಬಸವನ ಬಾಗೇವಾಡಿಯಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ನಿಲ್ದಾಣದಲ್ಲಿ ಹತ್ತಿಯ ಅಂಡಿಗೆಗಳು, ಕೋಳಿ ಕಟ್ಟಿದ ಬುಟ್ಟಿ, ಶೇಂಗಾ ಹುರಿಯುವ ವಾಸನೆ. ನಾನು ಕಲ್ಲಿನ ಕಟ್ಟೆಯ ಮೇಲೆ ಕೂತು, ಸುರುಳಿಯನ್ನು ತೊಡೆಯ ಮೇಲೆ ಒಂದು ಮೊಳದಷ್ಟು ಬಿಚ್ಚಿದೆ. ಎಲ್ಲೋ ಮಾಸ್ತರರ ಕಣ್ಣು ತಪ್ಪಿರಬಹುದು ಎಂಬ ಆಸೆ. ಗೆರೆಯ ಮೇಲೆ ಸೂಜಿ ಇಟ್ಟು ಬಾಯಿ ಮುಚ್ಚಿಕೊಂಡು, ಮುಂದಿನ ಗೆರೆಗೆ ಬಂದಾಗ ಒಂದು ಎಂದೆ. ಹನ್ನೊಂದೇ ಬಂತು.

ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಕಾಗದವನ್ನೇ ನೋಡುತ್ತಿದ್ದರು. "ಯಾರ ಜಾತಕ ಇದು, ಬಾಯಿ? ಭಾಳ ಉದ್ದ ಐತಿ," ಎಂದರು.

"ನಮ್ಮ ತಮ್ಮಂದ್ರಿ."

"ಉದ್ದ ಇದ್ದಷ್ಟು ಚಲೋ. ಆಯುಷ್ಯ ಹೆಂಗೈತಂತ?"

ನಾನು ಸುರುಳಿ ಸುತ್ತಿದೆ. ಅವರು ನನ್ನ ಮುಖ ನೋಡಿದರು. ಒಂದು ಹಿಡಿ ಹುರಿದ ಶೇಂಗಾವನ್ನು ಕಾಗದದ ಚೂರಿನ ಮೇಲೆ ನನ್ನ ಕಡೆ ಸರಿಸಿದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ತಪ್ಪು ನನ್ನದು, ಆದರೆ ಅದನ್ನು ತಿದ್ದಿದರೆ ಕಳೆದುಕೊಳ್ಳುವವನು ಅವನು. ಬದುಕಿದ್ದವನಿಗೆ ತಪ್ಪಾಯಿತೆಂದು ಹೇಳಬಹುದು, ಬೈಸಿಕೊಳ್ಳಬಹುದು. ಹನ್ನೆರಡು ಎಂದು ಬರೆದುಬಿಟ್ಟರೆ ತಮ್ಮನ ಹೆಂಡತಿಗೆ ಇದನ್ನು ಹೇಳುವ ಅಗತ್ಯವೂ ಇರುವುದಿಲ್ಲ ಎಂದು ಒಮ್ಮೆ ಅನಿಸಿತು. ಬಸ್ಸು ಮುದ್ದೇಬಿಹಾಳ ಮುಟ್ಟುವವರೆಗೂ ಹಾಗೆಯೇ ಮಾಡುವುದೆಂದು ಇದ್ದೆ.

ತಮ್ಮನ ಹೆಂಡತಿ ಒಳಕೋಣೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಹಣೆ ಬರಿದಾಗಿದ್ದದ್ದನ್ನು ನೋಡಲು ನನಗೆ ಇನ್ನೂ ರೂಢಿಯಾಗಿರಲಿಲ್ಲ. ನನ್ನ ಕೈಯಿಂದ ಪತ್ರ ತೆಗೆದುಕೊಂಡು ಓದಿದಳು. ಅವಳು ಮ್ಯಾಟ್ರಿಕ್ ಓದಿದವಳು, ಸ್ವಂತವಾಗಿ ಇಂಗ್ಲಿಷ್ ಬರೆಯದಿದ್ದರೂ ಓದಿ ತಿಳಿಯಬಲ್ಲಳು. ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇದು ಯಾಕ ಬಿಟ್ಟೈತ್ರಿ ಅಕ್ಕಾರ?"

ಆಗ ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವಳ ಮುಖ ಬಿಗಿಯಿತು.

"ಅಂದ್ರ ನೀವು ತಪ್ಪು ಎಣಿಸಿದ್ರಿ. ನಾ ತಪ್ಪು ಬರದೆ. ಅವರು ತಪ್ಪು ಕೇಳಿ ಹೋದ್ರು."

"ತಪ್ಪು ನಂದ ಒಬ್ಬಾಕಿದು."

"ನಿಮ್ಮೊಬ್ಬರದ ಹೆಂಗಾಗತೈತ್ರಿ? ನಾ ಅಲ್ಲೇ ಕೂತಿದ್ನಲ್ಲ. ಸೂಜಿ ಕಡೆ ನೋಡಬೇಕಾಗಿತ್ತು. ನಾ ಅವರ ಮುಖಾ ನೋಡ್ಕೋತ ಕೂತಿದ್ದೆ."

ಕಾಗದ ಹಾಸಲು ಹೇಳಿದಳು. ಆವತ್ತು ಎಣಿಸಿದ ಹಾಗೆಯೇ ಎಣಿಸಿ ಎಂದಳು. ಎಣಿಸಿದೆ, ಗಟ್ಟಿಯಾಗಿ, ಲಾಭದಿಂದ. ಅವಳು ಈ ಸಲ ಸೂಜಿಯನ್ನೇ ನೋಡುತ್ತಿದ್ದಳು. ಆಮೇಲೆ ಸೂಜಿ ತಾನು ತೆಗೆದುಕೊಂಡು ಎಣಿಸಿದಳು. ಅವಳಿಗೂ ಹನ್ನೊಂದು. ಸೂಜಿಯನ್ನು ಕಾಗದದ ಅಂಚಿಗೆ ಚುಚ್ಚಿ ಇಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಹೊರಗೆ ಅವಳ ತಾಯಿ ಯಾರಿಗೋ ಮಜ್ಜಿಗೆ ಕೊಡುತ್ತಿದ್ದರು.

"ಅರ್ಧಾ ರೊಟ್ಟಿ ತಿಂದಿದ್ರು ಆ ದಿವಸ," ಎಂದಳು.

"ಹೌದು."

"ಮಾಸ್ತರು ಬರದ ಬಿಡ್ರಿ ಅಂದ್ರಂತಲ್ಲ. ನಿಮಗೂ ಹಂಗ ಅನಸ್ತೈತೇನ್ರಿ?"

"ಬಸ್ಸಿನ್ಯಾಗ ಬರೋ ಮುಂದ ಅನಿಸಿತ್ತು. ಈಗ ತಿಳಿವಲ್ದು."

ಅವಳು ಅಂಚಿನ ಸೂಜಿ ಕಿತ್ತು ಸುರುಳಿ ಸುತ್ತಿಟ್ಟಳು.

"ನಿಮಗ ಹೇಳಬಾರದು ಅಂತ ಅವರು ಚೀಟಿ ಮಡಿಚಿ ಇಟ್ಕೊಂಡಿದ್ರು," ಎಂದಳು. "ಅಷ್ಟು ಜಡ್ಡಿನ್ಯಾಗೂ ಎಣಿಸೂದು ಮುಗಿಯೂತನಕ ಹೇಳಲಿಲ್ಲ. ಈಗ ನಾವು ಹನ್ನೆರಡು ಅಂತ ಬರದ್ರ ಆ ಚೀಟಿ ನೋಡಿ ಬರದಂಗ ಆತಲ್ರಿ. ಅದಕ್ಕ ಅವರ ಹೆಸರು ಹೆಂಗ ಹಚ್ಚೂದು?"

ಪೆನ್ನು ತರಿಸಿದಳು. ಖಾಲಿ ಜಾಗದಲ್ಲಿ ಹನ್ನೊಂದು ಎಂದು ಇಂಗ್ಲಿಷ್ ಅಂಕಿಯಲ್ಲಿ ತುಂಬಿ ಸಹಿ ಮಾಡಿದಳು. ಕೆಳಗೆ ಜಾಗವಿತ್ತು. ಹಿಂದಿನ ಕಾರ್ಡಿನಲ್ಲಿ ಕೂಡಿ ಬಂದಿದೆ ಎಂದ ಲೆಕ್ಕ ಹೇಗೆ ತಪ್ಪಿತೆಂದು ಅಲ್ಲಿ ನಾನು ಕನ್ನಡದಲ್ಲೇ ನಾಲ್ಕು ಸಾಲು ಬರೆದೆ. ಎಣಿಸಿದವಳು ನಾನು, ನನ್ನ ತಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದೂ ಬರೆದೆ. ಅಲ್ಲಿ ಕನ್ನಡ ಓದುವವರು ಒಬ್ಬರಾದರೂ ಇದ್ದಾರು ಎಂದುಕೊಂಡೆ. ಮರುದಿನ ಬೆಳಗ್ಗೆ ಇಬ್ಬರ ಕಡೆಯಿಂದಲೂ ನಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದೆ. ಅವಳು ಇನ್ನೂ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಸಾಹೇಬರ ಉತ್ತರ ಚಿಕ್ಕದಾಗಿತ್ತು. ಸುರುಳಿಗಳು ಮುಟ್ಟಿದವು, ತಾವೂ ಅಳೆದು ನೋಡಿದ್ದೇವೆ, ನಿಮ್ಮ ಎರಡನೆಯ ಎಣಿಕೆ ಸರಿ ಇದೆ ಎಂದಿತ್ತು. ಬರೆದು ತಿಳಿಸಿದ್ದಕ್ಕೆ ಉಪಕಾರ ಎಂದಿತ್ತು. ಹೆಸರಿನ ಮಾತು ಇರಲಿಲ್ಲ.

ಮರುವರ್ಷ ಅಚ್ಚಾದ ಹಾಳೆಗಳು ಬಂದವು. ಸಿಂದಗಿಗೆ ಒಯ್ದೆ. ಮಾಸ್ತರರು ಪೂರ್ತಿ ಓದಿದರು, ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸಿದರು. ಅದರಲ್ಲಿ ಅನೇಕ ಗ್ಯಾಲಕ್ಸಿಗಳ ಪಟ್ಟಿ ಇತ್ತು. ತಮ್ಮನದೂ ಒಂದು ಸಾಲು. ಎರಡು ಮೋಡಗಳು, ಅವುಗಳ ನಡುವಿನ ಅಂತರ, ಅಷ್ಟೆ. ಧಾರೆಯ ಮಾತಿಲ್ಲ. ಅವನ ಹೆಸರು ಎಲ್ಲೂ ಇಲ್ಲ.

"ಬ್ಯಾಸರಾತೇನ್ರಿ ಅಕ್ಕಾರ?"

"ಆತು," ಎಂದೆ.

ಆ ಸಾಲನ್ನು ಇನ್ನೊಮ್ಮೆ ಓದಲು ಹೇಳಿದೆ. ಅವರು ಅಂಕಿಗಳನ್ನು ಒಂದೊಂದಾಗಿ ಓದಿದರು. ಟ್ರಂಕಿನಲ್ಲಿ ಸಿಕ್ಕ, ತಮ್ಮ ಅಳತೆ ಬರೆದಿಟ್ಟ ವಹಿಯನ್ನು ಚೀಲದಿಂದ ತೆಗೆದು ನಾನು ಹೊಂದಿಸಿ ನೋಡುತ್ತಿದ್ದೆ. ಮೋಡಗಳ ಅಂತರ ಬೆಟ್ಟದ ಮೇಲೆ ಅವನು ತಾನೇ ಅಳೆದದ್ದು, ಕಣ್ಣು ಚೆನ್ನಾಗಿದ್ದಾಗ. ಒಂದಂಕಿಯೂ ಬದಲಾಗಿರಲಿಲ್ಲ. ಮಾಸ್ತರರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟುಕೊಟ್ಟರು, ನನಗೆ ಇಂಗ್ಲಿಷಿನ ನಡುವೆ ಹುಡುಕಲು ಸುಲಭವಾಗಲಿ ಎಂದು. ಹಾಳೆಗಳನ್ನು ತೆಗೆದುಕೊಂಡು, ತಮ್ಮನ ಹೆಂಡತಿಗೆ ತೋರಿಸಲು, ಅದೇ ದಿನ ಮುದ್ದೇಬಿಹಾಳಕ್ಕೆ ಹೋದೆ.